ಒಂದು ಕ್ಲಿಕ್ಕಿಗೊಂದು ಮಸಾಲೆದೋಸೆ

ಆ ಲೆಕ್ಕದ ಪುಸ್ತಕ ಈಗಲೂ ನನ್ನ ಹತ್ತಿರ ಇದೆ. ಕಿರಾಣಿ ಅಂಗಡಿಯವರು ಉದ್ರಿ ಬರೆದಿಡುತ್ತಿದ್ದರಲ್ಲ, ಅಂಥ ಉದ್ದನೆಯ ಪುಸ್ತಕ. ರಟ್ಟಿನ ಒಂದು ಮೂಲೆಯನ್ನು ಇಲಿ ತಿಂದಿದೆ. ಮೊದಲ ಪುಟದ ನೆತ್ತಿಯಲ್ಲಿ ‘ಶ್ರೀ’, ಅದರ ಕೆಳಗೆ ‘ಕ್ಯಾಮೆರಾ ಬಾಬ್ತು, ಜುಲೈ 1977’. ಎಡಕ್ಕೆ ಜಮಾ, ಬಲಕ್ಕೆ ಖರ್ಚು. ಜಮೆಯಲ್ಲಿ ‘ಸಂಬಳದಿಂದ 15.00, ಹಳೇ ಪೇಪರು ಮಾರಿದ್ದು 3.25, ಅಜ್ಜಿ ಕೊಟ್ಟಿದ್ದು 1.00’ ಎಂದಿದೆ. ಅಜ್ಜಿಯ ಆ ಒಂದು ರೂಪಾಯಿಯ ವಿಷಯ ಆಮೇಲೆ ಹೇಳುತ್ತೇನೆ.

ಆಗ ನಾನು ಹಾಸನದಲ್ಲಿ ಗುಮಾಸ್ತ. ತಿಂಗಳಿಗೆ ಕೈಗೆ ಬರುತ್ತಿದ್ದದ್ದು 340 ರೂಪಾಯಿ. ಅದರಲ್ಲಿ 250 ಅಮ್ಮನ ಕೈಗೆ ಕೊಟ್ಟರೆ ಅವಳು ಅದನ್ನು ನಾಗಂದಿಗೆಯ ಮೇಲಿನ ಸಾಸಿವೆ ಡಬ್ಬಿಯಲ್ಲಿ ಇಡುತ್ತಿದ್ದಳು. ಉಳಿದದ್ದರಲ್ಲಿ ನನ್ನ ಕಾಫಿ, ಕ್ಷೌರ, ಸೈಕಲ್ಲಿನ ಪಂಕ್ಚರು ಎಲ್ಲ ಕಳೆದು ಹದಿನೈದು ರೂಪಾಯಿ ಕ್ಯಾಮೆರಾಕ್ಕೆ. ಕ್ಯಾಮೆರಾ ಎಂದರೆ ಆಗ್ಫಾ ಕ್ಲಿಕ್ ತ್ರೀ. ಬರೋಡದಲ್ಲಿ ತಯಾರಾಗುತ್ತಿದ್ದ ಕಪ್ಪು ಡಬ್ಬಿ. ಆಫೀಸಿನ ಹಿರಿಯರೊಬ್ಬರು ತಮ್ಮ ಹಳೆಯದನ್ನು 35 ರೂಪಾಯಿಗೆ, ಅದೂ ಎರಡು ಕಂತಿನಲ್ಲಿ ಕೊಟ್ಟರು. ಬಿಸಿಲಿಗೊಂದು ಗುರುತು, ಮೋಡಕ್ಕೊಂದು ಗುರುತು, ಅಷ್ಟೇ. ಹತ್ತು ಅಡಿಗಿಂತ ಹತ್ತಿರ ಹೋದರೆ ಮುಖ ಮಸುಕಾಗುತ್ತಿತ್ತು. ಬೆನ್ನಿಗೆ ಕೆಂಪು ಗಾಜಿನ ಪುಟ್ಟ ಕಿಂಡಿ. ಗುಬುಟು ತಿರುಗಿಸುತ್ತ ಹೋದರೆ ಅದರಲ್ಲಿ 1, 2, 3 ಎಂದು ಅಂಕಿಗಳು ಮೂಡುತ್ತಿದ್ದವು. ಹನ್ನೆರಡಕ್ಕೆ ಮುಗಿಯಿತು. ಮುಗಿದ ಸುರುಳಿಯ ತುದಿಯಲ್ಲಿ ಅಂಟಿನ ಕಾಗದವಿರುತ್ತಿತ್ತು, ನಾಲಿಗೆಯಲ್ಲಿ ಒದ್ದೆ ಮಾಡಿ ಅಂಟಿಸಬೇಕು. ಅಂಚೆಚೀಟಿಯ ಅಂಟಿನದೇ ಸಪ್ಪೆ ಸಿಹಿ ರುಚಿ.

ರೋಲಿಗೆ ಎಂಟೂವರೆ ರೂಪಾಯಿ. ಹನ್ನೆರಡರಿಂದ ಭಾಗಿಸಿ ಪುಸ್ತಕದ ಅಂಚಿನಲ್ಲಿ ಬರೆದಿಟ್ಟಿದ್ದೇನೆ: ಚಿತ್ರ ಒಂದಕ್ಕೆ 71 ಪೈಸೆ. ನಮ್ಮ ಆಫೀಸಿನ ಎದುರಿನ ಹೋಟೆಲಿನಲ್ಲಿ ಮಸಾಲೆದೋಸೆಗೆ 70 ಪೈಸೆ. ಹಾಗಾಗಿ ಗುಂಡಿ ಒತ್ತುವ ಮುಂಚೆ ಪ್ರತಿ ಸಲವೂ ನನ್ನ ಮನಸ್ಸಿನಲ್ಲಿ ಒಂದು ಮಸಾಲೆದೋಸೆ ಹಾದುಹೋಗುತ್ತಿತ್ತು. ಈ ಹಸು ದೋಸೆಗೆ ಸಮವೇ? ಈ ಮೋಡ? ಎಷ್ಟೋ ಹಸುಗಳು, ಎಷ್ಟೋ ಮೋಡಗಳು ಆ ಲೆಕ್ಕದಲ್ಲಿ ಸೋತುಹೋದವು.

ಒಮ್ಮೆ ಭಾನುವಾರ ಸೈಕಲ್ಲಿನಲ್ಲಿ ಹಳೇಬೀಡಿಗೆ ಹೋದೆ. ಹೆಚ್ಚುಕಡಿಮೆ ಮೂವತ್ತು ಕಿಲೋಮೀಟರು, ಬುತ್ತಿಗೆ ಅವಲಕ್ಕಿ. ಹೊಯ್ಸಳೇಶ್ವರನ ಗುಡಿಯ ಗೋಡೆಯ ಮೇಲೆ ಸಂಜೆ ಬಿಸಿಲು ಓರೆಯಾಗಿ ಬೀಳುವವರೆಗೆ ಕಾದೆ. ಬಳಪದ ಕಲ್ಲಿನ ಒಂದೊಂದು ಬಳೆ, ಒಂದೊಂದು ಗೆಜ್ಜೆಗೂ ಅದರದೇ ನೆರಳು ಬಿತ್ತು. ಇಡೀ ದಿನಕ್ಕೆ ತೆಗೆದದ್ದು ಐದು ಚಿತ್ರ. ಉಳಿದ ಏಳನ್ನು ಚಿಕ್ಕಪ್ಪನ ಮಗಳ ಮದುವೆಗೆಂದು ಉಳಿಸಿಕೊಂಡೆ. ಮದುವೆ ನಾಲ್ಕು ತಿಂಗಳು ಮುಂದಕ್ಕೆ ಹೋಯಿತು. ಹಳೇಬೀಡಿನ ಆ ಬಿಸಿಲು ಅಷ್ಟು ದಿನವೂ ಟ್ರಂಕಿನೊಳಗೆ ಕ್ಯಾಮೆರಾದ ಹೊಟ್ಟೆಯಲ್ಲೇ ಕೂತಿತ್ತು.

ರೋಲು ತೊಳೆಸಲು ಸ್ಟುಡಿಯೋದವರಿಗೆ ಕೊಡುವ ದುಡ್ಡು ಉಳಿಸಬೇಕೆಂದು ಮನೆಯಲ್ಲೇ ತೊಳೆಯಲು ಕಲಿತೆ. ಡಿ-76 ಎಂಬ ಡೆವಲಪರಿನ ಪಾಕ ನನಗೆ ಇವತ್ತಿಗೂ ಬಾಯಿಪಾಠ. ಒಂದು ಲೀಟರಿಗೆ ಮೆಟಾಲ್ 2 ಗ್ರಾಂ, ಸೋಡಿಯಂ ಸಲ್ಫೈಟ್ 100, ಹೈಡ್ರೋಕ್ವಿನೋನ್ 5, ಬೊರಾಕ್ಸ್ 2. ಎರಡು ಗ್ರಾಂ ತೂಗುವ ತಕ್ಕಡಿ ಯಾರ ಮನೆಯಲ್ಲಿತ್ತು? ನಮ್ಮ ಬೀದಿಯ ಅಕ್ಕಸಾಲಿಗರ ಹತ್ತಿರ ಇತ್ತು. ಗಾಜಿನ ಪೆಟ್ಟಿಗೆಯೊಳಗಿನ ಪುಟ್ಟ ತ್ರಾಸು, ಬಟ್ಟಲುಗಳು ಹೆಬ್ಬೆರಳಿನ ಉಗುರಿಗಿಂತ ಸ್ವಲ್ಪ ದೊಡ್ಡವು. ಅವರು ಮೊದಲು ಗುಲಗಂಜಿ ಇಟ್ಟೇ ತೂಗಿ ನೋಡಿದರು, ಹದಿನಾರು ಹದಿನೇಳು ಕಾಳಿಗೆ ಮುಳ್ಳು ಸಮ ನಿಂತಿತು. ಆಮೇಲೆ ನಾನು ಬೊರಾಕ್ಸ್ ಎಂದಾಗ, “ಅದೇನಪ್ಪಾ ಅದು?” ಅಂದರು. ಪೊಟ್ಟಣ ಬಿಚ್ಚಿ ತೋರಿಸಿದೆ. ಬೆರಳಲ್ಲಿ ಉಜ್ಜಿ ನೋಡಿ, “ಅಯ್ಯೋ, ಇದು ಬಿಳಿಗಾರ ಅಲ್ವಾ! ಬೆಸುಗೆಗೆ ನಾವು ದಿನಾ ಹಾಕ್ತೀವಿ. ಇದಕ್ಕೆ ದುಡ್ಡು ಕೊಟ್ಟು ತಂದೆಯಾ?” ಎಂದು ನಕ್ಕು, ಅಂದಿನಿಂದ ಬಿಳಿಗಾರವನ್ನು ಪುಕ್ಕಟೆ ಕೊಟ್ಟರು. ಪುಸ್ತಕದಲ್ಲಿ ಬೊರಾಕ್ಸಿನ ಖರ್ಚು ಒಂದೇ ಒಂದು ಸಲ ಕಾಣುತ್ತದೆ.

ತೊಳೆಯುವುದು ರಾತ್ರಿ ಊಟವಾದ ಮೇಲೆ, ಬಚ್ಚಲುಮನೆಯಲ್ಲಿ. ಬಾಗಿಲ ಸಂದಿಗೆ ಗೋಣಿತಾಟು, ಕಿಟಕಿಗೆ ಅಜ್ಜಿಯ ಕಂಬಳಿ. ಹಂಡೆಯ ಬೂದಿಯ ವಾಸನೆ, ಸೀಗೆಪುಡಿಯ ವಾಸನೆ, ಅದರ ಮೇಲೆ ಹೈಪೋ ದ್ರಾವಣದ ಹುಳಿ ಘಾಟು. ಹೈಪೋ ಹರಳನ್ನು ನೀರಿಗೆ ಹಾಕಿದರೆ ನೀರು ತನ್ನಷ್ಟಕ್ಕೇ ತಣ್ಣಗಾಗುತ್ತಿತ್ತು. ಪಾತ್ರೆಯ ಹೊರಮೈ ಮುಟ್ಟಿ ಮುಟ್ಟಿ ನೋಡಿ ಖುಷಿಪಡುತ್ತಿದ್ದೆ. ಕಗ್ಗತ್ತಲಲ್ಲಿ ಫಿಲ್ಮಿನ ಎರಡೂ ತುದಿ ಹಿಡಿದು, ಉಯ್ಯಾಲೆಯ ಹಾಗೆ ಪಿಂಗಾಣಿ ಬೋಸಿಯಲ್ಲಿ ಮೇಲೆ ಕೆಳಗೆ ಆಡಿಸಬೇಕು. ಗಡಿಯಾರ ಕಾಣುವುದಿಲ್ಲವಾದ್ದರಿಂದ ಹನ್ನೆರಡು ವರ್ಷದ ನನ್ನ ತಮ್ಮ ಹೊರಗೆ ಟೈಂಪೀಸು ಹಿಡಿದು ಕೂತು, “ಮೂರಾಯ್ತು, ನಾಲ್ಕಾಯ್ತು” ಎಂದು ಕೂಗುತ್ತಿದ್ದ. ಮೊದಲನೆಯ ಸಲ ಆರು ನಿಮಿಷವಾಗುವ ಹೊತ್ತಿಗೆ ಅವನಿಗೆ ತಡೆಯಲಾಗಲಿಲ್ಲ. “ಅಣ್ಣಾ, ನಮ್ಮ ಚಿತ್ರ ಬಂತಾ?” ಎಂದು ಬಾಗಿಲು ತೆರೆದೇಬಿಟ್ಟ. ಹನ್ನೆರಡು ಚಿತ್ರವೂ ಕಾಡಿಗೆಯಾದವು. ಅವನ ಮುಖ ನೋಡಿ ಬೈಯಲು ನನಗೂ ಮನಸ್ಸಾಗಲಿಲ್ಲ. ಖರ್ಚಿನ ಕಡೆ ‘ನಷ್ಟ 8.50’ ಎಂದು ಬರೆದು, ಮುಂದಿನ ತಿಂಗಳು ಬಾಗಿಲಿಗೆ ಒಳಗಿನಿಂದ ಅಗುಳಿ ಹಾಕಿಸಿದೆ. ಅಗುಳಿಗೆ 1.75.

ಅಜ್ಜಿಯ ಚಿತ್ರ ತೆಗೆದದ್ದು ಅದೇ ವರ್ಷ. ಹಿತ್ತಲಲ್ಲಿ ಮೊರ ಹಿಡಿದು ರಾಗಿ ಕೇರುತ್ತಿದ್ದಳು. “ಒಂದು ಪಟಕ್ಕೆ ಎಷ್ಟು ಬೀಳತ್ತೋ?” ಅಂದಳು. ಮುಕ್ಕಾಲು ರೂಪಾಯಿ ಅಂದೆ. ಅಷ್ಟು ಕೇಳಿದ್ದೇ ಮೊರ ಕೆಳಗಿಟ್ಟು, ಸೆರಗು ಸರಿಮಾಡಿಕೊಂಡು, ದುಡ್ಡು ದಂಡವಾಗಬಾರದೆಂದು ಉಸಿರು ಬಿಗಿಹಿಡಿದು ಕಂಬದ ಹಾಗೆ ನಿಂತಳು. ನನಗೆ ಬೇಕಿದ್ದದ್ದು ಮೊರದಿಂದ ಹಾರುವ ಹೊಟ್ಟಿನ ಚಿತ್ರ. ಇನ್ನೊಂದು ತೆಗೆಯಲೇ ಎಂದು ನಾನೂ ಕೇಳಲಿಲ್ಲ, ಅದು ಮತ್ತೊಂದು ದೋಸೆ. ತೆಗೆದಾದ ಮೇಲೆ ಎಲೆಯಡಿಕೆ ಸಂಚಿಯ ಒಳಅರೆಯಿಂದ ನಾಲ್ಕು ಮಡಿಕೆಯ ಒಂದು ರೂಪಾಯಿ ನೋಟು ತೆಗೆದು ಕೊಟ್ಟಳು. ನೋಟಿಗೆ ಲವಂಗ, ಕಾಚಿನ ವಾಸನೆ. ನಾಲ್ಕಾಣೆ ವಾಪಸು ಕೊಡಲು ಹೋದೆ, ತೆಗೆದುಕೊಳ್ಳಲಿಲ್ಲ. ಅಜ್ಜಿಯದೆಂದು ನಮ್ಮ ವಂಶಕ್ಕೆ ಉಳಿದಿರುವ ಚಿತ್ರ ಅದೊಂದೇ. ಅದರಲ್ಲಿ ಅವಳು ಇನ್ನೂ ಉಸಿರು ಹಿಡಿದೇ ನಿಂತಿದ್ದಾಳೆ.

ನನ್ನ ಜಮಾಖರ್ಚು ಶುರುವಾಗುವ ಸ್ವಲ್ಪ ಮುಂಚಿನವರೆಗೆ, 1972ರಿಂದ 77ರ ತನಕ, ರಾಜ್ಯದ ಜಮಾಖರ್ಚು ನೋಡುತ್ತಿದ್ದವರು ಸಂಡೂರಿನ ಎಂ.ವೈ. ಘೋರ್ಪಡೆಯವರು. ದೇವರಾಜ ಅರಸರ ಸಂಪುಟದ ಹಣಕಾಸು ಮಂತ್ರಿ. ಅವರು ಕಾಡುಪ್ರಾಣಿಗಳ ಕಪ್ಪುಬಿಳುಪು ಚಿತ್ರಗಳಿಗೂ ಹೆಸರಾಗಿದ್ದರು. ರಾಜಮನೆತನದ ಅವರೆಲ್ಲಿ, ಹದಿನೈದು ರೂಪಾಯಿಯ ನಾನೆಲ್ಲಿ. ಆದರೂ ಬಜೆಟ್ಟಿನ ಕಡತ ನೋಡುವ ಕೈ ಕ್ಯಾಮೆರಾವನ್ನೂ ಹಿಡಿಯುತ್ತದೆ ಎಂಬುದು ಗುಮಾಸ್ತನಾದ ನನಗೆ ದೊಡ್ಡ ಧೈರ್ಯವಾಗಿತ್ತು.

1980ರಲ್ಲಿ ಐವತ್ತು ರೂಪಾಯಿಯ ಚೀಟಿ ಸೇರಿದೆ. ಇಪ್ಪತ್ತು ಜನ, ಇಪ್ಪತ್ತು ತಿಂಗಳು. ಒಂಬತ್ತನೆಯ ತಿಂಗಳು 180 ರೂಪಾಯಿ ಬಿಟ್ಟುಕೊಟ್ಟು ಚೀಟಿ ಎತ್ತಿದೆ, ಕೈಗೆ 820 ಬಂತು. ಜಪಾನಿನ ಕ್ಯಾಮೆರಾಗಳು ನಮ್ಮಂಥವರಿಗೆ ನಿಲುಕುತ್ತಿರಲಿಲ್ಲ. ಆಮದಿಗೆ ಕಟ್ಟುನಿಟ್ಟು, ಸುಂಕ ವಿಪರೀತ. ರಷ್ಯಾ ಮತ್ತು ಪೂರ್ವ ಜರ್ಮನಿಯೊಂದಿಗೆ ರೂಪಾಯಿಯಲ್ಲೇ ವ್ಯಾಪಾರ ನಡೆಯುತ್ತಿದ್ದುದರಿಂದ ರಷ್ಯದ ಜೆನಿಟ್ ಕ್ಯಾಮೆರಾ, ಪೂರ್ವ ಜರ್ಮನಿಯ ಓರ್ವೋ ಫಿಲ್ಮು ಸಿಗುತ್ತಿದ್ದವು. ಊಟಿಯಲ್ಲಿ ಹಿಂದೂಸ್ತಾನ್ ಫೋಟೊ ಫಿಲ್ಮ್ಸ್‌ನವರು ಮಾಡುತ್ತಿದ್ದ ‘ಇಂದು’ ಫಿಲ್ಮು ನಮ್ಮದೇ. ಬೆಂಗಳೂರಿನ ಮಲ್ಲೇಶ್ವರದಲ್ಲಿ ನಿವೃತ್ತರೊಬ್ಬರಿಂದ ಜೆನಿಟ್-ಇ ಕೊಂಡೆ, 650 ರೂಪಾಯಿ. ಚರ್ಮದ ಚೀಲ ಸೇರಿ ಕೇಜಿಗೂ ಹೆಚ್ಚು ಭಾರ, ಗುಂಡಿ ಒತ್ತಿದರೆ ಪೆಟ್ಟಿಗೆಯ ಚಿಲಕ ಬಿದ್ದಂಥ ಸದ್ದು. ಬೆಳಕು ಅಳೆಯುವ ಮೀಟರಿಗೆ ಬ್ಯಾಟರಿಯೇ ಬೇಡ. ಆ ಒಂದು ಗುಣಕ್ಕೆ ನಾನು ಅದಕ್ಕೆ ಋಣಿ.

ಕ್ಯಾಮೆರಾ ಬಂದರೆ ಮುಗಿಯಿತು ಎಂದುಕೊಂಡಿದ್ದೆ. ಫಿಲ್ಟರು ಬೇಕು, ಲೆನ್ಸಿನ ಹುಡ್ಡು ಬೇಕು, ಫ್ಲ್ಯಾಶ್ ಬೇಕು. ಹುಡ್ಡಿಗೆ ಚೌಕಾಸಿ ಮಾಡುತ್ತಿದ್ದಾಗ ಅಂಗಡಿಯವರು, “ಆನೆ ಕೊಂಡಾದ ಮೇಲೆ ಅಂಕುಶಕ್ಕೆ ಜಗ್ಗಾಡಬಾರದು ಸ್ವಾಮಿ” ಅಂದರು. ಟ್ರೈಪಾಡನ್ನು ಮಾತ್ರ ಕೊಳ್ಳಲಿಲ್ಲ, ಆಚಾರಿಯ ಹತ್ತಿರ ತೇಗದ ಚೂರುಗಳಲ್ಲಿ ಮಾಡಿಸಿದೆ. ಮರಕ್ಕೂ ಕೂಲಿಗೂ ಸೇರಿ 22 ರೂಪಾಯಿ. ಅದನ್ನು ಹೆಗಲಿಗೇರಿಸಿಕೊಂಡು ಅರಕಲಗೂಡಿನ ಕಡೆಯ ಒಂದು ಹಳ್ಳಿಗೆ ಹೋದಾಗ ಜನ ಎದ್ದು ನಿಂತರು. ಒಬ್ಬರು ಚಾಪೆ ಹಾಸಿದರು, ಇನ್ನೊಬ್ಬರು ಚೆಂಬಿನಲ್ಲಿ ಮಜ್ಜಿಗೆ ತಂದರು. ಮೂರನೆಯವರು ಪಕ್ಕಕ್ಕೆ ಕರೆದು, “ಸ್ವಾಮಿ, ನಮ್ಮ ಬಾಂದು ಕಲ್ಲು ಇದ್ದದ್ದು ಆ ಹುಣಸೇಮರದ ಆಚೆಗೆ” ಅಂದರು. ಅದು ‘ಉಳುವವನೇ ಹೊಲದೊಡೆಯ’ನ ಕಾಲ, ಭೂ ನ್ಯಾಯಮಂಡಳಿಗಳಲ್ಲಿ ಕೇಸುಗಳು ನಡೆಯುತ್ತಿದ್ದವು. ಮುಕ್ಕಾಲಿ ಹೊತ್ತವನು ಸರ್ವೆಯವನಲ್ಲದೆ ಇನ್ಯಾರು? ಪಟ ತೆಗೆಯಲು ಬಂದವನು ಎಂದು ನಾನು ಎಷ್ಟು ಹೇಳಿದರೂ ಅವರು ನಂಬಲಿಲ್ಲ. ಕೊನೆಗೆ ಆ ಹುಣಸೇಮರದ್ದೇ ಒಂದು ಚಿತ್ರ ತೆಗೆದೆ. ಅವರಿಗೆ ಸಮಾಧಾನವಾಯಿತು.

ಆಮೇಲೆ ಮೂವರು ಗೆಳೆಯರು ಸೇರಿ ನೂರು ಅಡಿಯ ಫಿಲ್ಮಿನ ಡಬ್ಬಿ ತರಿಸತೊಡಗಿದೆವು. ಸ್ಟುಡಿಯೋದವರು ಎಸೆಯುವ ಖಾಲಿ ಕ್ಯಾಸೆಟ್ಟುಗಳನ್ನು ಆರಿಸಿ ತಂದು, ಕತ್ತಲಲ್ಲಿ ತುಂಬುವುದು. ಡಬ್ಬಿಗೆ 190 ರೂಪಾಯಿ, ಮೂವತ್ತಾರು ಚಿತ್ರದ ಹದಿನೆಂಟು ರೋಲು. ಚಿತ್ರಕ್ಕೆ ಮೂವತ್ತು ಪೈಸೆಯೂ ಬೀಳಲಿಲ್ಲ. ಈಗ ಪುಸ್ತಕ ತಿರುವಿದರೆ ಒಂದು ಸಂಗತಿ ಕಾಣುತ್ತದೆ. ಚಿತ್ರದ ಬೆಲೆ 71 ಪೈಸೆಯಿಂದ 30ಕ್ಕೆ ಇಳಿದ ವರ್ಷವೇ ತಿಂಗಳ ಒಟ್ಟು ಖರ್ಚು ಹದಿನೈದರಿಂದ ನಲವತ್ತಕ್ಕೆ ಏರಿದೆ. ಹಸು, ಮೋಡ ಎಲ್ಲವೂ ಆಗ ಬಂದವು.

1983ರಲ್ಲಿ ಸಕಲೇಶಪುರಕ್ಕೆ ವರ್ಗವಾಯಿತು. ಅಲ್ಲಿಯ ಮಳೆಗಾಲದಲ್ಲಿ ಚಪ್ಪಲಿ, ಬೆಲ್ಟು, ದೇವರ ಪಟದ ಚೌಕಟ್ಟು ಎಲ್ಲಕ್ಕೂ ಬೂಷ್ಟು. ಜೆನಿಟ್ಟಿನ ಲೆನ್ಸನ್ನೂ ಬಿಡಲಿಲ್ಲ. ಬ್ಯಾಟರಿ ಬಿಟ್ಟು ನೋಡಿದರೆ ಗಾಜಿನೊಳಗೆ ಜೇಡರ ಎಳೆಯಂಥ ಬಿಳಿ ಬೇರು. ರಿಪೇರಿಯವರೊಬ್ಬರು 60 ರೂಪಾಯಿ ತೆಗೆದುಕೊಂಡು ಬಿಚ್ಚಿ ಒರೆಸಿದರು. ಒಂದು ಅಂಚಿನಲ್ಲಿ ಮಂಜು ಹಾಗೆಯೇ ಉಳಿಯಿತು. ಅಂದಿನಿಂದ ಲೆನ್ಸಿನ ಜೊತೆ ಡಬ್ಬಿಯಲ್ಲಿ ಸಿಲಿಕಾ ಜೆಲ್ ಇಟ್ಟೆ. ನೀಲಿ ಹರಳು ತೇವ ಕುಡಿದು ಗುಲಾಬಿಯಾದಾಗ ಹೆಂಚಿನ ಮೇಲೆ ಹುರಿದರೆ ಮತ್ತೆ ನೀಲಿ. ದೋಸೆಯ ಹೆಂಚಿನ ಮೇಲೆ ಹರಳು ಹುರಿದದ್ದಕ್ಕೆ ನನ್ನ ಹೆಂಡತಿ ಎರಡು ದಿನ ದೋಸೆ ಹುಯ್ಯಲಿಲ್ಲ. ಬೇರೆ ಹೆಂಚಿಗೆ 9 ರೂಪಾಯಿ, ಕ್ಯಾಮೆರಾ ಬಾಬ್ತು.

ಕಲರ್ ಬಂತು, ಬಚ್ಚಲುಮನೆಯ ಅಗುಳಿಗೆ ಕೆಲಸ ತಪ್ಪಿತು. ಡಿಜಿಟಲ್ ಬಂತು. ನನ್ನ ಪುಸ್ತಕದಲ್ಲಿ ಫಿಲ್ಮಿನ ಕೊನೆಯ ಖರ್ಚು 2008ರದ್ದು. ಕೊಡಾಕ್ ಕಂಪನಿ 2012ರಲ್ಲಿ ದಿವಾಳಿ ಅರ್ಜಿ ಹಾಕಿತು, ಊಟಿಯ ಕಾರ್ಖಾನೆಯೂ ನಿಂತಿತು. ಬರುವುದು ಬಂತು, ಹೋಗುವುದು ಹೋಯಿತು. ಮೆಟಾಲ್ ಮುಟ್ಟಿ ಕಂದಾಗುತ್ತಿದ್ದ ಉಗುರುಗಳು ಬೆಳ್ಳಗಾದದ್ದಕ್ಕೆ ನನಗೇನೂ ಬೇಸರವಿಲ್ಲ.

ಅಂದು ಬಾಗಿಲು ತೆರೆದ ತಮ್ಮನ ಮಗಳು ಈಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾಳೆ. ಹಕ್ಕಿಗಳ ಚಿತ್ರ ತೆಗೆಯುವ ಹುಚ್ಚು. ಹೋದ ವರ್ಷ ಮಿರರ್‌ಲೆಸ್ ಕ್ಯಾಮೆರಾ ಕೊಂಡಳು, ಹದಿನೆಂಟು ತಿಂಗಳ ಇಎಂಐ. ಬಿಲ್ಲಿನಲ್ಲಿ ಜಿಎಸ್‌ಟಿಯೇ ಶೇಕಡ 18. ನನ್ನ ಚೀಟಿಯಲ್ಲಿ ನಾನು ಬಿಟ್ಟುಕೊಟ್ಟದ್ದೂ ನೂರಕ್ಕೆ ಹದಿನೆಂಟೇ. ಒಂದು ಬೆಳಿಗ್ಗೆ ಎಂಟುನೂರು ಚಿತ್ರ ತೆಗೆಯುತ್ತಾಳೆ, ಒಂದಕ್ಕೂ ಕಾಸಿಲ್ಲ. ಆದರೆ ಕಾರ್ಡು, ಹಾರ್ಡ್‌ಡಿಸ್ಕು, ಹೆಚ್ಚುವರಿ ಬ್ಯಾಟರಿ, ಉದ್ದ ಲೆನ್ಸು ಎಂದು ಅವಳ ಫೋನಿನಲ್ಲೂ ಒಂದು ಪಟ್ಟಿ ಇದೆ, ನನ್ನದಕ್ಕಿಂತ ಉದ್ದದ್ದು.

ಹೋದ ತಿಂಗಳು, “ದೊಡ್ಡಪ್ಪಾ, ಸೆಕೆಂಡ್ ಹ್ಯಾಂಡ್ ಲೆನ್ಸ್ ನೋಡೋಕೆ ಹೋಗ್ತಿದೀನಿ, ಬರ್ತೀಯಾ?” ಎಂದು ಕರೆದಳು. ಜಯನಗರದ ಒಂದು ಮನೆ. ಲೆನ್ಸು ಹೊರಗಿನಿಂದ ಹೊಸದರ ಹಾಗಿತ್ತು. ನಾನು ಅವಳ ಫೋನಿನ ಟಾರ್ಚು ಹೊತ್ತಿಸಿ, ಹಿಂದಿನಿಂದ ಓರೆಯಾಗಿ ಬೆಳಕು ಬಿಟ್ಟು ನೋಡಿದೆ. ಅಂಚಿನಲ್ಲಿ ಕೂದಲಿಗಿಂತ ಸಣ್ಣ ಎಳೆ, ಅದಕ್ಕೆರಡು ಕವಲು. “ಏನದು? ಧೂಳಾ?” ಅಂದಳು. ಧೂಳಿಗೆ ಕವಲು ಇರೋದಿಲ್ಲ ಮಗಳೇ, ಅಂದೆ. ಮಾರುವ ಹುಡುಗನಿಗೂ ತೋರಿಸಿದೆ. ಅವನು ಮಡಿಕೇರಿಯವನು, ಪಾಪ, ಅವನಿಗೇ ಗೊತ್ತಿರಲಿಲ್ಲ. ಕೊಳ್ಳದೆ ಎದ್ದು ಬಂದೆವು. ಎರಡನೆಯ ಮನೆಯ ಲೆನ್ಸು ಶುಭ್ರವಾಗಿತ್ತು, 6,800ಕ್ಕೆ ಮುಗಿಯಿತು.

ವಾಪಸು ಬರುವಾಗ ಆಟೋದಲ್ಲಿ ಅವಳು ಫೋನು ತೆಗೆದು ಪಟ್ಟಿಗೆ ಸೇರಿಸಿದಳು: ಸಿಲಿಕಾ ಜೆಲ್, ನೀಲಿ ಬಣ್ಣದ್ದು. ಹೆಂಚು ಬೇಡ, ನಮ್ಮ ಮನೆಯದು ಇದೆ ಅಂದೆ.