ಅಪ್ಪನ ಫೈಲು

ತಮ್ಮ ಕಳಿಸಿದ ಫೈಲನ್ನು ಪುಣೆಯ ಮನೆಯಲ್ಲಿ ಆಕೆ ತೆರೆದಾಗ ಕಂಪ್ಯೂಟರು ಓದಿದ್ದು: ಪಿ, ಪೌಂಡ್, ಕ್ಯೂ. ನಡುನಡುವೆ ಯಾವುಯಾವುದೋ ಯೂರೋಪಿನ ಅಕ್ಷರ. ಧಾರವಾಡಕ್ಕೆ ಫೋನು ಮಾಡಿದಳು.

"ಅಕ್ಕಾ, ಫೈಲ್ ಬಂತೇನು?"

"ಬಂದದ. ಆದ್ರ ಅದರಾಗ ಕನ್ನಡನ ಇಲ್ಲಲ್ಲೋ."

"ಹಂಗ್ಯಾಕ ಅಂತಿ? ನನ್ನ ಕಣ್ಣ ಮುಂದ ಛಂದಾಗಿ ಕಾಣಸ್ಲಿಕ್ಹತ್ತದ."

ಇಬ್ಬರ ಮಾತೂ ನಿಜ. ಮಾಸ್ತರಿಕೆಯಿಂದ ನಿವೃತ್ತರಾದ ಮೇಲೆ ಅಪ್ಪ ತಮ್ಮ ನೆನಪುಗಳನ್ನು ಟೈಪು ಮಾಡಿದ್ದು ಯೂನಿಕೋಡಿಗಿಂತ ಹಿಂದಿನ ಬಗೆಯ ಫಾಂಟಿನಲ್ಲಿ. ಅಲ್ಲಿ ತೆರೆಯ ಮೇಲೆ 'ಕ' ಎಂದು ಕಾಣುವುದು ಒಳಗೆ ಇಂಗ್ಲಿಷಿನ ಪಿ, ಅದರ ಪಕ್ಕ ತಲೆಯ ಮೇಲೆ ಗೀಟಿರುವ ಒಂದು ಎ. 'ನ'ದ ಒಳಗೆ ಕೂತಿರುವುದು ಪೌಂಡಿನ ಗುರುತು. ಫಾಂಟು ಇವಕ್ಕೆಲ್ಲ ಕನ್ನಡದ ವೇಷ ಹಾಕುತ್ತದೆ. ಸ್ಕ್ರೀನ್ ರೀಡರ್ ವೇಷ ನೋಡುವುದಿಲ್ಲ, ಒಳಗಿದ್ದುದನ್ನು ಓದುತ್ತದೆ.

ಆಕೆಗಿರುವುದು ರೆಟಿನೈಟಿಸ್ ಪಿಗ್ಮೆಂಟೋಸಾ. ಮೊದಲು ಕತ್ತಲಲ್ಲಿ ಎಡವುವುದು, ಆಮೇಲೆ ನೋಟ ಸುತ್ತಲಿಂದ ಕಿರಿದಾಗುತ್ತ ಬರುವುದು. ನಲವತ್ತು ದಾಟುವಷ್ಟರಲ್ಲಿ ಕಣ್ಣಿನ ಓದು ನಿಂತಿತು. ನೌಕರಿ ಉಳಿಸಿದ್ದು ಎನ್‌ವಿಡಿಎ. 2006ರಲ್ಲಿ ಆಸ್ಟ್ರೇಲಿಯಾದ ಮೈಕೆಲ್ ಕರನ್ ಶುರುಮಾಡಿದ ತಂತ್ರಾಂಶ ಅದು. ಆತನಿಗೂ ಕಣ್ಣು ಕಾಣದು, ತಂತ್ರಾಂಶಕ್ಕೆ ಕಾಸು ಕೊಡಬೇಕಿಲ್ಲ. ಅದರ ಜೊತೆಗೆ ಬರುವ ಈಸ್ಪೀಕ್ ದನಿಗೆ ಕನ್ನಡವೂ ಬರುತ್ತದೆ. ತಗಡು ಬಡಿದಂಥ ದನಿ. ಮನೆಗೆ ಬಂದವರಿಗೆ ಒಂದು ಪದವೂ ತಿಳಿಯದಷ್ಟು ವೇಗದಲ್ಲಿ ಆಕೆ ಅದನ್ನು ಕೇಳುತ್ತಾಳೆ.

ತಮ್ಮ ಎಲ್ಲಿಂದಲೋ ಒಂದು ಪರಿವರ್ತಕ ಹುಡುಕಿ, ಯೂನಿಕೋಡಿಗೆ ತಿರುಗಿಸಿ ಮತ್ತೆ ಕಳಿಸಿದ. ಈ ಸಲ ಕನ್ನಡ ಬಂತು, ಆದರೆ ಅರ್ಕಾವತ್ತು ಕೆಟ್ಟಿತ್ತು. ಹಳೆಯ ಫಾಂಟಿನಲ್ಲಿ ಅರ್ಕಾವತ್ತು ಕಣ್ಣಿಗೆ ಕಾಣುವ ಜಾಗದಲ್ಲೇ, ಅಕ್ಷರದ ಬಲಕ್ಕೆ ಇರುತ್ತದೆ. ಯೂನಿಕೋಡಿನಲ್ಲಿ ನುಡಿಯುವ ಕ್ರಮದಲ್ಲಿ, ಅಕ್ಷರಕ್ಕಿಂತ ಮೊದಲೇ ಬರಬೇಕು. ಪರಿವರ್ತಕ ಅದನ್ನು ಎತ್ತಿ ಹಿಂದಕ್ಕಿಟ್ಟಿರಲಿಲ್ಲ. ವರ್ಷ 'ವಷರ್' ಆಗಿತ್ತು, ಮಾರ್ಗ 'ಮಾಗರ್'.

ತಿದ್ದಿ ಕೊಡುತ್ತೇನೆಂದ ತಮ್ಮ. ಬೇಡವೆಂದಳು. ಅವನು ಹಿಂದೊಮ್ಮೆ ಫೋನಿನಲ್ಲೇ ಕೆಲವು ಪುಟ ಓದಿ ಹೇಳಿದ್ದ. ಒಂದು ಕಡೆ ಕೆಮ್ಮಿದ್ದ. ಕೆಮ್ಮಿದಲ್ಲಿ ಏನೋ ದಾಟಿಸಿದನೆಂದು ಅವಳ ಗುಮಾನಿ. ಓದಿ ಹೇಳುವವರು ಎಷ್ಟೇ ಪ್ರೀತಿಯವರಿರಲಿ, ಏನನ್ನು ಬಿಡಬೇಕೆಂದು ಅವರೇ ಠರಾಯಿಸುತ್ತಾರೆ. ತಗಡಿನ ದನಿಗೆ ಆ ದಾಕ್ಷಿಣ್ಯವಿಲ್ಲ.

ಬಾಣದ ಕೀಲಿ ಒತ್ತುತ್ತ, ಒಂದೊಂದೇ ಅಕ್ಷರ ಕೇಳಿ ತಿದ್ದುತ್ತ ಹೋದಳು. ನಾಲ್ಕನೆಯ ರಾತ್ರಿ ಆ ಪುಟ ಸಿಕ್ಕಿತು. ಮಗಳ ಕಣ್ಣಿನ ಸಂಗತಿ ಡಾಕ್ಟರು ಹೇಳಿದ ವಷರ್ ಅಪ್ಪ ಅಟ್ಟದ ಪುಸ್ತಕಗಳನ್ನೆಲ್ಲ ವಾಚನಾಲಯಕ್ಕೆ ಕೊಟ್ಟುಬಿಟ್ಟಿದ್ದರು. ಅವಳು ನೋಡಿ ಸಂಕಟಪಡಬಾರದೆಂದು. ಅವಳಿಗೆ ಹೇಳಿದ್ದು, ಗೆದ್ದಲು ಹಿಡಿದಿತ್ತೆಂದು.

ಆಮೇಲೆ ಇನ್ನೂ ಹದಿನೆಂಟು ವರ್ಷ ಅವಳಿಗೆ ಓದಲು ಕಣ್ಣಿತ್ತು.

ದನಿಯ ವೇಗ ತಗ್ಗಿಸಿ ಆ ವಾಕ್ಯವನ್ನು ಇನ್ನೊಮ್ಮೆ ಕೇಳಿದಳು. 'ವಷರ್' ಅಳಿಸಿ 'ವರ್ಷ' ಎಂದು ತಿದ್ದಿದಳು. ಧಾರವಾಡಕ್ಕೆ ಫೋನು ಮಾಡಲು ಹೊತ್ತು ಬಹಳವಾಗಿತ್ತು. ಮುಂದಿನ ಸಾಲಿಗೆ ಹೋದಳು.