ನಗೆಯೊಳಗಣ ನೆತ್ತರು

ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟವೆಂಬ ಗಾದೆಯುಂಟು. ಆ ಚೆಲ್ಲಾಟವನ್ನು ಕಂಡು ನಗುವವನು ಯಾರ ಪಕ್ಷದವನೆಂಬುದನ್ನು ಗಾದೆಯು ಹೇಳುವುದಿಲ್ಲ, ವಿಡಂಬನೆಯು ಕೇಳುತ್ತದೆ.

ಡಚ್ ನಿರ್ದೇಶಕ ಪಾಲ್ ವೆರ್ಹೂವೆನ್ನರು 1987ರಲ್ಲಿ ಅಮೆರಿಕದಲ್ಲಿ ತೆಗೆದ 'ರೋಬೋಕಾಪ್' ಚಿತ್ರದಲ್ಲಿ ಒಂದು ಸಭೆಯುಂಟು. ಡೆಟ್ರಾಯಿಟ್ ನಗರದ ಪೊಲೀಸು ಪಡೆಯನ್ನೇ ಗುತ್ತಿಗೆ ಹಿಡಿದ ಕಂಪೆನಿಯು ಅಲ್ಲಿ ಹೊಸ ಕಾವಲುಯಂತ್ರವನ್ನು ಪ್ರದರ್ಶಿಸುತ್ತದೆ. ತರುಣ ನೌಕರನೊಬ್ಬನು ಅಪ್ಪಣೆಯಂತೆ ಅದರತ್ತ ಪಿಸ್ತೂಲು ಹಿಡಿಯುತ್ತಾನೆ. ಕೆಳಗಿಡೆಂದು ಯಂತ್ರವು ಗರ್ಜಿಸಲು ಕೆಳಗಿಡುತ್ತಾನೆ. ಆದರೂ ಅದು ಗುಂಡಿನ ಮಳೆಗರೆದು ಅವನನ್ನು ಕೊಲ್ಲುತ್ತದೆ. ಅಧಿಕಾರಿಯು ಇದೊಂದು ಸಣ್ಣ ದೋಷವೆನ್ನುತ್ತಾನೆ. ಯಜಮಾನನು ಬಡ್ಡಿಯ ನಷ್ಟವನ್ನು ಎಣಿಸುತ್ತಾನೆ.

ಚಿತ್ರಕ್ಕೆ ದರ್ಜೆ ಕೊಡುವ ಮಂಡಲಿಯು ರಕ್ತಪಾತವು ಅತಿಯಾಯಿತೆಂದು ಆಕ್ಷೇಪಿಸಿದುದರಿಂದ ದೃಶ್ಯವನ್ನು ಮೊಟಕುಗೊಳಿಸಬೇಕಾಯಿತು. ನಿರ್ದೇಶಕರ ಮತವೇ ಬೇರೆ: ಅತಿಯಾದುದರಿಂದಲೇ ಅದು ಪರಿಹಾಸ, ಕತ್ತರಿಸಿದರೆ ಉಳಿಯುವುದು ಕ್ರೌರ್ಯವೊಂದೇ. ಜರ್ಮನರ ವಶದಲ್ಲಿದ್ದ ಹೇಗ್ ನಗರದಲ್ಲಿ ಬಾಲ್ಯವನ್ನು ಕಳೆದ ಅವರಿಗೆ ಹಿಂಸೆಯು ಬರಿಯ ಕಲ್ಪನೆಯಾಗಿರಲಿಲ್ಲ.

ಅವರ 'ಸ್ಟಾರ್‌ಶಿಪ್ ಟ್ರೂಪರ್ಸ್' 1997ರಲ್ಲಿ ಬಂದಿತು. ಸುಂದರ ತರುಣರು ಸಮವಸ್ತ್ರ ಧರಿಸಿ ದೈತ್ಯಕೀಟಗಳನ್ನು ಕೊಲ್ಲಲು ಉತ್ಸಾಹದಿಂದ ಹೊರಡುತ್ತಾರೆ. ಯುದ್ಧೋನ್ಮಾದದ ಈ ಅಣಕವನ್ನು ಹಲವು ವಿಮರ್ಶಕರು ಅದರ ಸ್ತುತಿಯೆಂದೇ ತಿಳಿದರು. ತಪ್ಪೆಲ್ಲ ನೋಡಿದವರದೇ ಎನ್ನಲಾಗದು; ಅಣಕಿಸುವವನ ಕೈಯಲ್ಲಿಯೂ ಕತ್ತಿಯ ಹೊಳಪು ಕಣ್ಣನ್ನು ಸೆಳೆಯುತ್ತದೆ.

ನಗುವುದು ಪಾಪವಲ್ಲ. ಆದರೆ ನಕ್ಕ ಬಳಿಕ, ಪಿಸ್ತೂಲನ್ನು ಕೆಳಗಿಟ್ಟ ಆ ತರುಣನನ್ನು ನೆನೆಯದ ಪ್ರೇಕ್ಷಕನು ಆ ಸಭೆಯಲ್ಲಿ ಕುಳಿತವರಲ್ಲೊಬ್ಬನೇ ಸರಿ.