ಬೆಳ್ಳಿಯಂತೆ ಸುರಿದ ಹಾಡುಗಳು

1975ರ ನವೆಂಬರಿನಲ್ಲಿ ಲಂಡನ್ನಿನ ಐಲ್ಯಾಂಡ್ ರೆಕಾರ್ಡ್ಸ್ ಕಂಪನಿ ಒಂದು ಹೊಸ ಎಲ್‌ಪಿ ರೆಕಾರ್ಡನ್ನು ಮಾರುಕಟ್ಟೆಗೆ ಬಿಟ್ಟಿತು. ಅದರ ಹೊದಿಕೆಯ ಮೇಲೆ ಗಡ್ಡ ಬಿಟ್ಟು, ತಲೆಗೆ ಪೇಟ ಸುತ್ತಿಕೊಂಡ ಇಪ್ಪತ್ತಾರು ವರ್ಷದ ಒಬ್ಬ ಬಿಳಿಯ ಯುವಕನ ಮುಖ. ಹಿಂಬದಿಯಲ್ಲಿ ತಲೆವಸ್ತ್ರ ಹೊದ್ದ ಅವನ ಹೆಂಡತಿ. ಇಬ್ಬರ ಮುಖದಲ್ಲೂ ನಗುವಿಲ್ಲ. ಉದ್ದ ಕೂದಲು, ಮಿರುಗುವ ಅಂಗಿ, ಸಿಗರೇಟಿನ ಹೊಗೆಯೇ ರಾಕ್ ಸಂಗೀತದ ಗುರುತಾಗಿದ್ದ ದಿನಗಳಲ್ಲಿ ಈ ಚಿತ್ರ ಕಂಡವರಿಗೆ ಇದು ಯಾವುದೋ ಪ್ರಾರ್ಥನಾ ಸಭೆಯ ಧ್ವನಿಮುದ್ರಿಕೆ ಅನ್ನಿಸಿದ್ದರೆ ಅಚ್ಚರಿಯಿಲ್ಲ. ಆಲ್ಬಮ್ಮಿನ ಹೆಸರು 'ಪೋರ್ ಡೌನ್ ಲೈಕ್ ಸಿಲ್ವರ್'. ಬೆಳ್ಳಿಯಂತೆ ಸುರಿ ಎಂದು ಅರ್ಥ ಮಾಡಿಕೊಳ್ಳಬಹುದು. ಹಾಡುಗಳನ್ನು ಬರೆದು ಗಿಟಾರ್ ನುಡಿಸಿದಾತ ರಿಚರ್ಡ್ ಥಾಂಪ್ಸನ್. ಜೊತೆಗೆ ಹಾಡಿದಾಕೆ ಲಿಂಡಾ ಥಾಂಪ್ಸನ್.

ರಿಚರ್ಡ್ ಹುಟ್ಟಿದ್ದು 1949ರಲ್ಲಿ, ಲಂಡನ್ನಿನ ನಾಟಿಂಗ್ ಹಿಲ್‌ನಲ್ಲಿ. ತಂದೆ ಸ್ಕಾಟ್ಲೆಂಡಿನವರು, ಲಂಡನ್ ಪೊಲೀಸಿನಲ್ಲಿ ಪತ್ತೇದಾರರು. ಮನೆಯಲ್ಲಿ ಸ್ಕಾಟಿಷ್ ನೃತ್ಯಸಂಗೀತದ ರೆಕಾರ್ಡುಗಳಿದ್ದವು. 1967ರಲ್ಲಿ, ಹದಿನೆಂಟರ ವಯಸ್ಸಿನಲ್ಲಿ, ಗೆಳೆಯರ ಜೊತೆ ಸೇರಿ 'ಫೇರ್‌ಪೋರ್ಟ್ ಕನ್ವೆನ್ಷನ್' ಎಂಬ ತಂಡ ಕಟ್ಟಿದ. 1969ರ ಮೇ 12ರಂದು ಕಾರ್ಯಕ್ರಮ ಮುಗಿಸಿ ಮರಳುತ್ತಿದ್ದ ತಂಡದ ವ್ಯಾನು ಹೆದ್ದಾರಿಯಲ್ಲಿ ಉರುಳಿತು. ಹತ್ತೊಂಬತ್ತು ವರ್ಷದ ಡ್ರಮ್ ವಾದಕ ಮಾರ್ಟಿನ್ ಲ್ಯಾಂಬಲ್ ಮತ್ತು ರಿಚರ್ಡ್‌ನ ಗೆಳತಿ ಇಬ್ಬರೂ ತೀರಿಕೊಂಡರು. ಉಳಿದವರು ಅದೇ ವರ್ಷದ ಕೊನೆಗೆ 'ಲೀಜ್ ಅಂಡ್ ಲೀಫ್' ಎಂಬ ಆಲ್ಬಮ್ ತಂದರು. ಇಂಗ್ಲೆಂಡಿನ ಹಳ್ಳಿಗಳ ಹಳೆಯ ಕಥನಗೀತೆಗಳನ್ನು ಎಲೆಕ್ಟ್ರಿಕ್ ಗಿಟಾರ್ ಮತ್ತು ಡ್ರಮ್ ಜೊತೆ ಹಾಡಿದ ಆ ರೆಕಾರ್ಡಿನಿಂದಲೇ ಬ್ರಿಟಿಷ್ ಫೋಕ್ ರಾಕ್ ಎಂಬುದು ತನ್ನ ಕಾಲ ಮೇಲೆ ನಿಂತಿತು ಎನ್ನುವವರು ಬಹಳ. ಸತ್ತವರಿಗಾಗಿ ಅಳುವುದನ್ನು ಆ ಹುಡುಗರು ಸಾವಿನ ಹಳೆಯ ಹಾಡುಗಳಲ್ಲಿ ಅತ್ತರು ಎಂದು ನನಗನ್ನಿಸುತ್ತದೆ.

ಮುಂದೆ ರಿಚರ್ಡ್ ತಂಡ ಬಿಟ್ಟ. 1972ರಲ್ಲಿ ಬಂದ ಅವನ ಮೊದಲ ಸ್ವಂತ ಆಲ್ಬಮ್ ಮಾರಾಟದಲ್ಲಿ ನೆಲಕಚ್ಚಿತು. ಅದೇ ವರ್ಷ ಗಾಯಕಿ ಲಿಂಡಾಳನ್ನು ಮದುವೆಯಾದ. ಇಬ್ಬರೂ ಸೇರಿ 1974ರಲ್ಲಿ ತಂದ ಮೊದಲ ಆಲ್ಬಮ್ ಈಗ ಎಲ್ಲರ ಮೆಚ್ಚುಗೆಯ ಪಟ್ಟಿಯಲ್ಲಿದೆ. 1982ರಲ್ಲಿ, ದಾಂಪತ್ಯ ಮುರಿದು ಬೀಳುತ್ತಿದ್ದಾಗ ಬಂದ ಕೊನೆಯ ಆಲ್ಬಮ್ಮೂ ಅಷ್ಟೆ. ನಡುವೆ ಬಂದ ಪೇಟದ ಚಿತ್ರದ ಆಲ್ಬಮ್ಮಿನ ಬಗ್ಗೆ ಮಾತ್ರ ವಿಮರ್ಶಕರು 'ಇದು ಮತಾಂತರದ ಕಾಲದ್ದು' ಎಂದು ಒಂದು ಸಾಲು ಬರೆದು ಮುಂದೆ ಹೋಗುತ್ತಾರೆ. ಆ ಒಂದು ಸಾಲು ನನಗೆ ಸಮಾಧಾನ ಕೊಟ್ಟಿಲ್ಲ.

ಮೊರೊಕ್ಕೊದ ಮೆಕ್ನೆಸ್ ಪಟ್ಟಣದಲ್ಲಿ ಶೇಖ್ ಮುಹಮ್ಮದ್ ಇಬ್ನುಲ್ ಹಬೀಬ್ ಎಂಬ ಸೂಫಿ ಗುರುಗಳಿದ್ದರು. ಶಾಝಿಲಿ ತರೀಖತ್ತಿನ ದರ್ಖಾವಿ ಶಾಖೆಗೆ ಸೇರಿದವರು. ಅವರು 1972ರಲ್ಲಿ ತೀರಿಕೊಂಡರು. ಅವರ ಶಿಷ್ಯರಲ್ಲಿ ಒಬ್ಬರು ಇಯಾನ್ ಡಲ್ಲಾಸ್ ಎಂಬ ಸ್ಕಾಟಿಷ್ ನಾಟಕಕಾರ. ಇಸ್ಲಾಮ್ ಸ್ವೀಕರಿಸಿ ಅಬ್ದುಲ್ ಖಾದಿರ್ ಎಂದಾದ ಆತ ಲಂಡನ್ನಿನಲ್ಲಿ ಒಂದು ಸಣ್ಣ ಬಳಗ ಕಟ್ಟಿದರು. ಝಿಕ್ರ್‌ಗಾಗಿ ಸೇರುತ್ತಿದ್ದ ಆ ಬಳಗದಲ್ಲಿ ರಾಕ್ ಸಂಗೀತದ ಹುಡುಗರೂ ಇದ್ದರು. 'ಮೈಟಿ ಬೇಬಿ' ಎಂಬ ತಂಡದವರು ಮೊದಲೇ ಬಂದಿದ್ದರು. 1974ರ ಹೊತ್ತಿಗೆ ರಿಚರ್ಡ್ ಅಲ್ಲಿಗೆ ತಲುಪಿದ, ಹಿಂದೆಯೇ ಲಿಂಡಾ. ಪೇಟದ ಆಲ್ಬಮ್ ಹುಟ್ಟಿದ್ದು ಇದರ ಮರುವರ್ಷ.

ನನ್ನ ಕೈಗೆ ಇದು ಬಂದದ್ದು ಬಹಳ ತಡವಾಗಿ, ಬೆಂಗಳೂರಿನ ಒಂದು ಸೆಕೆಂಡ್‌ಹ್ಯಾಂಡ್ ಅಂಗಡಿಯಲ್ಲಿ ಸಿಡಿಯಾಗಿ. ಕೊಂಡದ್ದು ಹೊದಿಕೆಯ ಚಿತ್ರ ನೋಡಿಯೇ. ಊರಿಗೆ ಹೋದಾಗ ಮೇಜಿನ ಮೇಲಿದ್ದ ಅದನ್ನು ಕಂಡ ಉಮ್ಮ, 'ಇವರು ಯಾವ ಊರಿನ ಉಸ್ತಾದರು, ಮುಖದಲ್ಲಿ ನೂರ್ ಇದೆ' ಎಂದರು. ಗಿಟಾರ್ ಬಾರಿಸುವವನು ಉಮ್ಮಾ ಎಂದೆ. ಅವರು ಮತ್ತೆ ಒಮ್ಮೆ ನೋಡಿ, 'ಇರಲಿ, ನೂರ್ ಇದೆ' ಎಂದು ಒಳಗೆ ಹೋದರು.

ನಮ್ಮ ಕರಾವಳಿಯ ಮನೆಗಳಲ್ಲಿ ಸಂಗೀತದ ಲೆಕ್ಕ ವಿಚಿತ್ರವಾದುದು. ಮದುವೆಯಲ್ಲಿ ದಫ್ ಬಡಿದರೆ ಯಾರದ್ದೂ ತಕರಾರಿಲ್ಲ. ತಂತಿ ಮೀಟಿದರೆ ಹಿರಿಯರ ಹುಬ್ಬು ಮೇಲೇರುತ್ತದೆ. ನನ್ನ ಅಣ್ಣ ಕಾಲೇಜು ದಿನಗಳಲ್ಲಿ ಒಳ್ಳೆಯ ಗಿಟಾರ್ ವಾದಕನಾಗಿದ್ದ. ಆಮೇಲೆ ಒಂದು ಧಾರ್ಮಿಕ ಬಳಗಕ್ಕೆ ಹೋಗತೊಡಗಿದ. ಒಂದು ರಂಜಾನ್ ತಿಂಗಳು ಗಿಟಾರನ್ನು ಮಾರಿದ. ಯಾರೂ ಬಲವಂತ ಮಾಡಿರಲಿಲ್ಲ. ಅವನ ಮುಖದಲ್ಲಿ ದುಃಖವನ್ನೂ ನಾನು ಕಾಣಲಿಲ್ಲ, ಸಂತೋಷವನ್ನೂ ಕಾಣಲಿಲ್ಲ. ಹಾಗಾಗಿ ಈ ಆಲ್ಬಮ್ಮನ್ನು ನಾನು ಬರೀ ಸಂಗೀತವೆಂದು ಕೇಳುವುದು ಸಾಧ್ಯವಿರಲಿಲ್ಲ. ಬಿಡುವ ಮೊದಲು ಒಬ್ಬ ವಾದಕನ ಬೆರಳುಗಳು ಏನು ಹೇಳುತ್ತವೆ ಎಂಬ ಕುತೂಹಲ ನನ್ನದಾಗಿತ್ತು.

ಇದರಲ್ಲಿ ಉಪದೇಶ ಇರಬಹುದೆಂದು ಹೆದರಿಯೇ ಕೇಳತೊಡಗಿದೆ. ಹೊಸದಾಗಿ ಧರ್ಮಕ್ಕೆ ಬಂದವರ ಉತ್ಸಾಹ ಹಲವು ಸಲ ಕೇಳುಗನಿಗೆ ಶಿಕ್ಷೆಯಾಗುತ್ತದೆ. ಇಲ್ಲಿ ಇರುವುದು ಎಂಟು ಹಾಡುಗಳು. ಧರ್ಮಪ್ರಚಾರದ ಸಾಲು ಒಂದೂ ಇಲ್ಲ. ಇರುವುದು ಹಂಬಲ, ದಣಿವು, ತಪ್ಪಿನ ನೆನಪು ಮತ್ತು ಎಲ್ಲಿಗೋ ಮರಳಬೇಕೆಂಬ ಆಸೆ. ಒಂದೆರಡು ಹಾಡುಗಳು ಕುಣಿಸುವಂತಿವೆ. ನನಗೆ ಅವು ಅಷ್ಟು ರುಚಿಸಲಿಲ್ಲ. 'ಬೀಟ್ ದ ರಿಟ್ರೀಟ್' ಎಂಬ ಹಾಡಿನ ಹೆಸರು ನಮಗೆ ಪರಿಚಯದ್ದೇ. ಪ್ರತಿವರ್ಷ ಜನವರಿ 29ರಂದು ದೆಹಲಿಯಲ್ಲಿ ಸೇನೆಯ ಬ್ಯಾಂಡು ನುಡಿಸುತ್ತದಲ್ಲ, ಸಂಜೆ ಸೈನಿಕರನ್ನು ಬಿಡಾರಕ್ಕೆ ಕರೆಯುವ ಆ ಹಳೆಯ ವಾಡಿಕೆಯ ಹೆಸರು ಅದು. ರಿಚರ್ಡ್ ಅದನ್ನು ಸೋತು ಮನೆಗೆ ಮರಳುವವನ ಹಾಡಾಗಿಸಿದ್ದಾನೆ. ಶರಣಾಗುವುದು ಎಂಬುದಕ್ಕೆ ಅರಬಿಯಲ್ಲಿ ಯಾವ ಪದವಿದೆ ಎಂಬುದನ್ನು ಈ ಪತ್ರಿಕೆಯ ಓದುಗರಿಗೆ ಹೇಳಬೇಕಾಗಿಲ್ಲ. ಅವನು ಹಾಡಿನಲ್ಲಿ ಆ ಪದ ಬಳಸುವುದಿಲ್ಲ.

'ನೈಟ್ ಕಮ್ಸ್ ಇನ್' ಎಂಬ ಹಾಡು ಎಂಟು ನಿಮಿಷಕ್ಕೂ ಹೆಚ್ಚು ಉದ್ದದ್ದು. ಕತ್ತಲು ಇಳಿಯುವಾಗ ಜನ ಒಂದೆಡೆ ಸೇರುತ್ತಾರೆ, ತಿರುಗುತ್ತಾರೆ, ಅದರಲ್ಲಿ ಒಬ್ಬ ತನ್ನನ್ನು ಮರೆಯುತ್ತಾನೆ. ಝಿಕ್ರ್‌ನ ಮಜ್ಲಿಸಿಗೆ ಹೋದವರಿಗೆ ಇದು ಯಾವ ಕೋಣೆ ಎಂದು ಗೊತ್ತಾಗುತ್ತದೆ, ಹೋಗದವರಿಗೆ ಒಂದು ರಾತ್ರಿಯ ನೃತ್ಯದಂತೆ ಕೇಳಿಸುತ್ತದೆ. ಪದಗಳು ಮುಗಿದ ಮೇಲೆ ಗಿಟಾರ್ ಶುರುವಾಗುತ್ತದೆ. ಒಂದರ ಮೇಲೊಂದು ಮುದ್ರಿಸಿದ ಗಿಟಾರುಗಳು ಒಂದೇ ಮಾತನ್ನು ಬೇರೆ ಬೇರೆ ಗಂಟಲಿನಲ್ಲಿ ಹೇಳಿದಂತೆ ಸುತ್ತುತ್ತವೆ. ಅಮೆರಿಕದ ಬ್ಲೂಸ್ ನಕಲು ಮಾಡದೆ, ಸ್ಕಾಟ್ಲೆಂಡಿನ ಬ್ಯಾಗ್‌ಪೈಪಿನಂತೆ ಒಂದು ಸ್ವರವನ್ನು ಕೆಳಗೆ ಹಿಡಿದಿಟ್ಟು ಅದರ ಮೇಲೆ ಎಳೆಎಳೆಯಾಗಿ ನುಡಿಸುವುದು ಅವನ ಕ್ರಮ. ಷಡ್ಜದ ಶ್ರುತಿಗೆ ಒಗ್ಗಿದ ನಮ್ಮ ಕಿವಿಗೆ ಅದು ದೂರದ್ದು ಅನ್ನಿಸುವುದಿಲ್ಲ.

ಕೊನೆಯದು 'ಡಿಮ್ಮಿಂಗ್ ಆಫ್ ದ ಡೇ'. ಹೊತ್ತು ಕಂತುವಾಗ ಒಬ್ಬರು ಇನ್ನೊಬ್ಬರ ಆಸರೆ ಬೇಡುವ ಹಾಡು. ಹಾಡುವುದು ಲಿಂಡಾ. ಆಕೆಯ ದನಿಯಲ್ಲಿ ಕಣ್ಣೀರಿನ ಪ್ರದರ್ಶನವಿಲ್ಲ, ಮನೆಗೆಲಸ ಮುಗಿಸಿ ಕೂತ ಹೆಂಗಸು ನಿಜ ಹೇಳಿದಂತಿದೆ. ಬೇಡುತ್ತಿರುವುದು ಗಂಡನನ್ನೋ, ದೇವರನ್ನೋ? ಉರ್ದು ಕವಿಗಳು ಇಶ್ಕೆ ಮಜಾಜಿ, ಇಶ್ಕೆ ಹಕೀಕಿ ಎಂದು ಎರಡು ಮನೆ ಮಾಡಿದರೂ ಬಾಗಿಲು ಒಂದೇ ಇಟ್ಟರು. ಕನ್ನಡದಲ್ಲಂತೂ ಗೌರವಕ್ಕೆ 'ನೀವು' ಎಂಬ ಪದ ಇದ್ದರೂ ದೇವರನ್ನು ನಾವು 'ನೀನು' ಎಂದೇ ಕರೆಯುತ್ತೇವೆ, ಒಲಿದವರನ್ನೂ ಹಾಗೆಯೇ. ಈ ಹಾಡನ್ನು ಕನ್ನಡಕ್ಕೆ ತಂದರೆ ಆ ಸಂದೇಹ ಹಾಗೆಯೇ ಉಳಿಯುತ್ತದೆ.

ಹಾಡು ಮುಗಿದ ಕೂಡಲೇ, ಬಿಡುವು ಕೊಡದೆ, ಗಿಟಾರಿನಲ್ಲಿ ಒಂದು ನಿಧಾನದ ಧಾಟಿ ಬರುತ್ತದೆ. ಅದರ ಹೆಸರು 'ದರ್ಗಾಯ್'. ರಿಚರ್ಡ್‌ನ ರಚನೆಯಲ್ಲ, ಸ್ಕಾಟ್ಲೆಂಡಿನ ಪ್ರಸಿದ್ಧ ಪಿಟೀಲುವಾದಕ ಜೇಮ್ಸ್ ಸ್ಕಾಟ್ ಸ್ಕಿನ್ನರ್‌ನದು. ದರ್ಗಾಯ್ ಎಂಬುದು ಈಗಿನ ಪಾಕಿಸ್ತಾನದ ವಾಯವ್ಯ ಗಡಿನಾಡಿನ ಒಂದು ಗುಡ್ಡ. 1897ರ ಅಕ್ಟೋಬರ್ 20ರಂದು ಬ್ರಿಟಿಷ್ ಭಾರತದ ಸೇನೆ ಅಫ್ರೀದಿ ಮತ್ತು ಒರಕ್ಝಾಯಿ ಪಠಾಣರಿಂದ ಅದನ್ನು ವಶಪಡಿಸಿಕೊಂಡಿತು. ಮುಂದೆ ನುಗ್ಗಿದ್ದು ಸ್ಕಾಟ್ಲೆಂಡಿನ ಗಾರ್ಡನ್ ಹೈಲ್ಯಾಂಡರ್ಸ್ ಪಡೆ. ಕಾಲಿಗೆ ಗುಂಡು ತಗುಲಿ ಬಿದ್ದರೂ ಬ್ಯಾಗ್‌ಪೈಪ್ ನುಡಿಸುತ್ತಲೇ ಇದ್ದ ಫಿಂಡ್‌ಲೇಟರ್ ಎಂಬ ಸೈನಿಕನಿಗೆ ವಿಕ್ಟೋರಿಯಾ ಕ್ರಾಸ್ ಸಿಕ್ಕಿತು. ಆ ಗೆಲುವಿನ ನೆನಪಿಗೆ ಕಟ್ಟಿದ ಧಾಟಿ ಇದು. ಮುಸ್ಲಿಮ್ ಗುಡ್ಡಗಾಡಿಗರನ್ನು ಸದೆಬಡಿದ ಸಂತೋಷದ ಸಂಗೀತವನ್ನು ಹೊಸದಾಗಿ ಮುಸ್ಲಿಮನಾದ ಸ್ಕಾಟಿಷ್ ತಂದೆಯ ಮಗ ತನ್ನ ಆಲ್ಬಮ್ಮಿನ ಕೊನೆಗೆ ಇಟ್ಟಿದ್ದಾನೆ. ಬೇಕೆಂದೇ ಇಟ್ಟನೆಂದು ನಾನು ಹೇಳಲಾರೆ, ಒಳ್ಳೆಯ ಧಾಟಿ ಎಂಬ ಕಾರಣ ಸಾಕು. ಆದರೆ ಅವನು ಅದನ್ನು ನುಡಿಸುವುದು ಒಬ್ಬಂಟಿಯಾಗಿ, ತಗ್ಗಿದ ದನಿಯಲ್ಲಿ. ಗುಡ್ಡದ ಮೇಲೆ ಸತ್ತವರು ಎರಡೂ ಕಡೆಯವರು ಎಂದು ಗೊತ್ತಿರುವವನು ನುಡಿಸಿದಂತೆ. ಅಣ್ಣನಿಗೆ ಇದನ್ನೊಮ್ಮೆ ಕೇಳಿಸಿದೆ. ಅವನು ಏನೂ ಹೇಳಲಿಲ್ಲ. ಎಡಗೈ ಬೆರಳುಗಳು ತೊಡೆಯ ಮೇಲೆ ಸ್ಥಾನ ಹುಡುಕುತ್ತಿದ್ದವು.

ಈ ಆಲ್ಬಮ್ಮಿನ ನಂತರ ಮೌನ. ಗುರುವಿನ ಮಾತಿನಂತೆ ರಿಚರ್ಡ್ ಸಂಗೀತವನ್ನು ಬದಿಗಿಟ್ಟ. ಕುಟುಂಬ ಇಂಗ್ಲೆಂಡಿನ ಪೂರ್ವಭಾಗದ ಹಳ್ಳಿಗಾಡಿಗೆ ಹೋಗಿ ಬಳಗದ ಜೊತೆ ನೆಲೆಸಿತು. ಹಳೆಯ ಸಾಮಾನುಗಳ ವ್ಯಾಪಾರವನ್ನೂ ಆತ ಮಾಡಿದ. 1977ರಲ್ಲಿ ಸಹಧರ್ಮೀಯ ಸಂಗೀತಗಾರರೊಂದಿಗೆ ಒಂದು ಸಣ್ಣ ಪ್ರವಾಸ ಬಿಟ್ಟರೆ ಮತ್ತೆ ಆಲ್ಬಮ್ ಬಂದದ್ದು 1978ರಲ್ಲಿ. ಇದನ್ನು ಕಟ್ಟರ್ ಗುರುವೊಬ್ಬ ಕಲಾವಿದನ ಬಾಯಿ ಕಟ್ಟಿದ ಕಥೆಯೆಂದು ಪಾಶ್ಚಾತ್ಯ ಪತ್ರಕರ್ತರು ಬರೆಯುತ್ತಾರೆ. ಅಷ್ಟು ಸರಳವಲ್ಲ. ಹದಿನೆಂಟರಿಂದ ವೇದಿಕೆಯ ಮೇಲಿದ್ದು, ಇಪ್ಪತ್ತಕ್ಕೆ ಗೆಳೆಯರನ್ನು ಮಣ್ಣು ಮಾಡಿದವನಿಗೆ ಸುಮ್ಮನಿರುವುದು ಬೇಕಾಗಿತ್ತು ಎಂದು ನಂಬುವುದು ನನಗೆ ಕಷ್ಟವಲ್ಲ. ಗುರುವಿನಿಂದ ದೂರವಾದರೂ ಆತ ಧರ್ಮದಿಂದ ದೂರವಾಗಲಿಲ್ಲ, ಗಿಟಾರನ್ನೂ ಮತ್ತೆ ಬಿಡಲಿಲ್ಲ. ಎರಡರಲ್ಲಿ ಒಂದನ್ನೇ ಆರಿಸಬೇಕೆಂಬ ನಮ್ಮ ಮನೆಗಳ ವಾದಕ್ಕೆ ಆತನ ಬದುಕು ಒಪ್ಪುವುದಿಲ್ಲ.

ಲಿಂಡಾಳ ಲೆಕ್ಕ ಬೇರೆ. ಆ ಬಳಗದ ಬದುಕು ಹೆಂಗಸರಿಗೆ ಕಠಿಣವಾಗಿತ್ತೆಂದು ಆಕೆ ಸಂದರ್ಶನಗಳಲ್ಲಿ ಹೇಳಿದ್ದಾಳೆ. 1976ರಲ್ಲಿ ಆಕೆಯ ಮಗ ಹುಟ್ಟಿದ್ದೂ ಆ ಬಳಗದಲ್ಲಿದ್ದಾಗಲೇ. ಹಾಡುವುದನ್ನು ಬಿಡುವ ತೀರ್ಮಾನದಲ್ಲಿ ಆಕೆಯ ಪಾಲೆಷ್ಟು ಎಂದು ಯಾರೂ ಅಷ್ಟಾಗಿ ಕೇಳುವುದಿಲ್ಲ. ಗಂಡಸಿನ ಆಧ್ಯಾತ್ಮಿಕ ಪಯಣಕ್ಕೆ ಸಾಮಾನು ಕಟ್ಟುವವರು ಹೆಂಗಸರು ಎಂಬುದು ಇಂಗ್ಲೆಂಡಿಗೆ ಮಾತ್ರ ಸೇರಿದ ವಿಷಯವಲ್ಲ. 'ಡಿಮ್ಮಿಂಗ್ ಆಫ್ ದ ಡೇ' ಬರೆದವನು ಆತ, ಆದರೆ ಆ ಹಾಡಿನೊಳಗೆ ಆಸರೆಯಿಲ್ಲದೆ ನಿಂತವಳು ಆಕೆ. 'ಮತಾಂತರದ ಆಲ್ಬಮ್' ಎಂಬ ಒಂದು ಸಾಲಿನಲ್ಲಿ ಮೊದಲು ಕಳೆದುಹೋಗುವುದು ಈ ದನಿ.

ಮುಂದೆ ಗಂಟಲಿನ ಸ್ನಾಯುಗಳ ತೊಂದರೆಯಿಂದ ಲಿಂಡಾಗೆ ಹಾಡುವುದೇ ಕಷ್ಟವಾಯಿತು. 2024ರಲ್ಲಿ 'ಪ್ರಾಕ್ಸಿ ಮ್ಯೂಸಿಕ್' ಎಂಬ ಆಲ್ಬಮ್ ತಂದಳು. ಹಾಡುಗಳು ಆಕೆಯವು, ದನಿಗಳು ಮಕ್ಕಳ ಮತ್ತು ಗೆಳೆಯರವು. ರಿಚರ್ಡ್ 2021ರಲ್ಲಿ 'ಬೀಸ್‌ವಿಂಗ್' ಎಂಬ ಆತ್ಮಕಥನ ಬರೆದ. ಅದು ಹೇಳುವುದು 1967ರಿಂದ 1975ರವರೆಗಿನ ಕಥೆಯನ್ನು ಮಾತ್ರ. 'ಡಿಮ್ಮಿಂಗ್ ಆಫ್ ದ ಡೇ'ಯನ್ನು ಬಾನಿ ರೈಟ್ 1994ರಲ್ಲೂ ಆಲಿಸನ್ ಕ್ರಾಸ್ 2011ರಲ್ಲೂ ಹಾಡಿದ್ದಾರೆ, ಎರಡೂ ಚೆನ್ನಾಗಿವೆ. ಆಲ್ಬಮ್ಮಿನ ಹೆಸರು ಕೇಳದವರಿಗೂ ಆ ಹಾಡು ಗೊತ್ತಿರುವುದು ಅವರಿಂದಲೇ. ಅವರಿಬ್ಬರ ಹಾಡು ಕೊನೆಯ ಪದಕ್ಕೆ ನಿಲ್ಲುತ್ತದೆ. ದರ್ಗಾಯ್ ಗುಡ್ಡದ ಧಾಟಿ ಕೇಳಬೇಕೆಂದಿದ್ದರೆ ಪೇಟ ಸುತ್ತಿದ ಯುವಕನ ಚಿತ್ರವಿರುವ ಆಲ್ಬಮ್ಮನ್ನೇ ಹುಡುಕಬೇಕು.